ವಂಶಾವಳಿ ಕೇಳಿದರೆ ಸಾಕು, "ಹೊಲಕ್ಕಾಗಿ ಬಂದಿದ್ದೀಯಾ?" ಅಂತಾರೆ. ನಿಮಗೂ ಹೀಗೇ ಆಗಿದೆಯಾ?

ವರ್ಕ್‌ಶಾಪ್ ಮರಿಮೊಮ್ಮಗಳು (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆತನದ ಹಿಂದಿನವರು ಯಾರು, ಎಲ್ಲಿಂದ ಬಂದರು ಅಂತ ಹುಡುಕುವುದು ನನಗೆ ತುಂಬ ಇಷ್ಟದ ಹವ್ಯಾಸ. ರಜೆ ಸಿಕ್ಕರೆ ಇದೇ ಕೆಲಸ. ನಮ್ಮ ಅಡ್ಡಹೆಸರು ಶಿರಹಟ್ಟಿ. ಮುತ್ತಜ್ಜ ರೈಲ್ವೆ ವರ್ಕ್‌ಶಾಪಿನ ಕೆಲಸಕ್ಕೆ ಅಂತ ಬಂದು ಹುಬ್ಬಳ್ಳಿಯಲ್ಲೇ ನಿಂತರು. ಅಲ್ಲಿಯವರೆಗೆ ಗೊತ್ತು. ಅದಕ್ಕೂ ಹಿಂದಿನದು ಏನೂ ಗೊತ್ತಿಲ್ಲ.

ಶಿರಹಟ್ಟಿಗೆ ಹೋಗಿ ಹಿರಿಯರನ್ನು ಕೇಳಿದೆ. "ಆ ಅಡ್ಡಹೆಸರಿನವರು ಇಲ್ಲಿ ಯಾರೂ ಇಲ್ಲವಲ್ಲ" ಅಂದರು. ಒಂದು ಸರ್ಕಾರಿ ಕಚೇರಿಯಲ್ಲಿ ಹಳೆಯ ಕಾಗದ ಕೇಳಿದರೆ, ಮೊದಲು ಬಂದ ಪ್ರಶ್ನೆ "ಯಾವ ಕೇಸು?" ಕೇಸೇನೂ ಇಲ್ಲ, ಸುಮ್ನೆ ತಿಳಿದುಕೊಳ್ಳಬೇಕು ಅಂದರೆ ನಂಬುವುದೇ ಇಲ್ಲ.

ಕಚೇರಿಯವರದ್ದು ಹೋಗಲಿ, ಮನೆಯವರ ಮಾತಿಗೆ ಹೆಚ್ಚು ನೋವಾಯಿತು. ದೊಡ್ಡಪ್ಪನ ಮಗನಿಗೆ ಫೋನ್ ಮಾಡಿ "ಅಣ್ಣಾ, ಮುತ್ತಜ್ಜನ ಹಳೆಯ ಪೆಟ್ಟಿಗೆ ನಿಮ್ಮ ಮನೆಯಲ್ಲಿದೆಯಂತೆ, ಒಮ್ಮೆ ನೋಡಬಹುದಾ?" ಅಂತ ಕೇಳಿದೆ. "ಮದುವೆಯಾಗಿ ಹೋದವಳಿಗೆ ಈಗ ಯಾಕೆ ನೆನಪಾಯ್ತು? ಪಾಲು ಕೇಳೋಕಾ?" ಅಂದರು. ಹುಬ್ಬಳ್ಳಿಯ ಒಂದು ಮನೆ ಬಿಟ್ಟರೆ ನಮ್ಮವರಿಗೆ ಯಾವ ಆಸ್ತಿಯೂ ಇಲ್ಲ. ಅದೂ ಎಂದೋ ಹಂಚಿಹೋಗಿದೆ.

ಇನ್ನು ಯಾವ ದಾರಿ ಇದೆ, ತಿಳಿದವರು ಹೇಳಿ.

ರೋಣದ ರೈತ

ಮನೆಮನೆಗೆ ಬಂದು ವಂಶಾವಳಿ ಹೇಳುವ ಹೆಳವರನ್ನು ಕೇಳಿದಿರಾ ಅಕ್ಕಾರೆ?

ಬ್ಯಾಡಗಿ ಘಾಟು

ಶಿರಹಟ್ಟಿ ಅಡ್ಡಹೆಸರಿನವರು ಶಿರಹಟ್ಟಿಯಲ್ಲೇ ಸಿಗುವುದು ಕಷ್ಟ. ಊರು ಬಿಟ್ಟು ಬಂದವರಿಗೆ ಹೊಸ ಊರಿನವರು ಹಳೆಯ ಊರಿನ ಹೆಸರು ಹಚ್ಚುತ್ತಾರೆ. ಬ್ಯಾಡಗಿಯಲ್ಲೇ ಇರುವವರನ್ನು ಯಾರು ಬ್ಯಾಡಗಿಯವರು ಅಂತ ಕರೆಯುತ್ತಾರೆ? ರಾಣೆಬೆನ್ನೂರಿಗೆ ಹೋದ ಮೇಲೇ ಬ್ಯಾಡಗಿಯವರಾಗುವುದು. ನಿಮ್ಮವರಿಗೆ ಶಿರಹಟ್ಟಿಯಲ್ಲಿ ಬೇರೆ ಅಡ್ಡಹೆಸರು ಇದ್ದೇ ಇರುತ್ತದೆ. ಬಡಿಗೇರ, ಅಂಗಡಿ, ಹೂಗಾರ, ಏನೋ ಒಂದು. ಅದು ಸಿಕ್ಕರೆ ಬಾಗಿಲು ತೆರೆದ ಹಾಗೆ.

ಮನೆದೇವರು ಯಾವುದು? ಹೆಸರುಗಳು ಹೇಗಿವೆ? ಅದನ್ನು ಹೇಳಿ ಮೊದಲು.

ವರ್ಕ್‌ಶಾಪ್ ಮರಿಮೊಮ್ಮಗಳು

@ಬ್ಯಾಡಗಿ ಘಾಟು, ಈ ದಿಕ್ಕಿನಲ್ಲಿ ಯಾರೂ ನನಗೆ ಹೇಳಿರಲಿಲ್ಲ. ಮನೆದೇವರು ವೀರಭದ್ರ. ಆದರೆ ನಮ್ಮಲ್ಲಿ ತಲೆಮಾರು ಬಿಟ್ಟು ತಲೆಮಾರಿಗೆ ಫಕ್ಕೀರಪ್ಪ ಅನ್ನುವ ಹೆಸರು ಬರುತ್ತದೆ. ಹೆಣ್ಣುಮಕ್ಕಳಲ್ಲಿ ಒಬ್ಬ ಫಕ್ಕೀರವ್ವ.

ಬ್ಯಾಡಗಿ ಘಾಟು

ಅದು ಶಿರಹಟ್ಟಿ ಫಕ್ಕೀರೇಶ್ವರ ಮಠದ ನಡೆವಳಿಕೆ. ಹರಕೆ ಹೊತ್ತು ಹುಟ್ಟಿದ ಮಕ್ಕಳಿಗೆ ಹಾಗೆ ಹೆಸರಿಡುತ್ತಾರೆ. ಹಿಂದೂ, ಮುಸ್ಲಿಂ ಇಬ್ಬರೂ ನಡೆದುಕೊಳ್ಳುವ ಮಠ. ಧಾರವಾಡ, ಹಾವೇರಿ ಕಡೆ ಭಕ್ತರಲ್ಲೂ ಈ ಹೆಸರು ಇದೆ, ಅದಕ್ಕೆ ಇದೊಂದನ್ನೇ ಸಾಕ್ಷಿ ಅಂತ ಹಿಡಿಯಬೇಡಿ. ಅಡ್ಡಹೆಸರು, ಮನೆಯ ಹೆಸರು ಎರಡೂ ಒಂದೇ ಊರಿನ ಕಡೆ ಕೈ ತೋರಿಸುತ್ತಿವೆ ಅಂದರೆ ಸರಿಯಾದ ದಾರಿಯಲ್ಲಿದ್ದೀರಿ.

ಸಂಸ್ಥಾನದ ದಫ್ತರ

ಕಚೇರಿಯಲ್ಲಿ ಹಳೆಯದು ಸಿಗದಿರುವುದಕ್ಕೆ ಒಂದು ಕಾರಣ ಇದೆ ತಂಗಿ. ಶಿರಹಟ್ಟಿ ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿ ಇರಲೇ ಇಲ್ಲ. ಅದು ಸಾಂಗ್ಲಿ ಸಂಸ್ಥಾನದ ತಾಲ್ಲೂಕು. ಪಕ್ಕದ ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಕುಂದಗೋಳ ಜಮಖಂಡಿಯದ್ದು. ಸವಣೂರಿಗೆ ನವಾಬರು. ಗದಗ, ರೋಣ, ನವಲಗುಂದ ನೇರ ಬ್ರಿಟಿಷರ ಕೈಯಲ್ಲಿ. ಗದಗಿನಿಂದ ಪೂರ್ವಕ್ಕೆ ಸ್ವಲ್ಪ ದೂರ ಹೋದರೆ ಕುಕನೂರು, ಅದು ನಿಜಾಮರದು, ಅಲ್ಲಿ ಕಾಗದ ಉರ್ದುವಿನಲ್ಲಿ. ಒಂದೇ ದಿನ ಚಕ್ಕಡಿ ಹೊಡೆದುಕೊಂಡು ಹೋದರೆ ಎರಡು ಮೂರು ರಾಜ್ಯ ದಾಟಬಹುದಿತ್ತು.

ಈ ಸಂಸ್ಥಾನಗಳು 1948ರಲ್ಲಿ ಮುಂಬೈ ಪ್ರಾಂತಕ್ಕೆ ಸೇರಿದವು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು. 1997ರಲ್ಲಿ ಗದಗ, ಹಾವೇರಿ ಬೇರೆ ಜಿಲ್ಲೆ ಆದವು. ಪ್ರತಿ ಸಲವೂ ದಫ್ತರ ಗಂಟು ಕಟ್ಟಿ ಸಾಗಿಸಿದ್ದಾರೆ. ಹಾಗಾಗಿ ಒಂದೇ ಮನೆಯ ಕಾಗದ ಗದಗ, ಧಾರವಾಡ ಎರಡೂ ಕಡೆ ಹಂಚಿಹೋಗಿರಬಹುದು. ಸಾಂಗ್ಲಿ, ಕೊಲ್ಹಾಪುರದ ಕಡೆಗೂ ವಿಚಾರಿಸಿ. ವತನ (ಊರ ಕೆಲಸಕ್ಕೆ ಕೊಟ್ಟ ಭೂಮಿ), ಇನಾಮು (ಸರ್ಕಾರ ಬಿಟ್ಟುಕೊಟ್ಟ ಭೂಮಿ) ಇದ್ದ ಮನೆತನ ಆಗಿದ್ದರೆ ಪುಣೆಯ ಪತ್ರಾಗಾರ. ಪೇಶ್ವೆ ದಫ್ತರ, ಇನಾಮು ಕಮಿಷನ್ನಿನ ಕಾಗದ ಅಲ್ಲಿವೆ.

ಆದರೆ ಹೆಚ್ಚಿನವು ಮೋಡಿಯಲ್ಲಿ, ಅಂದರೆ ಮರಾಠಿಯ ಹಳೆಯ ಲಿಪಿಯಲ್ಲಿ. ಓದಲು ಬರಬೇಕು.

ಸಪ್ತಾಪುರ ಓದುಗ (ಧಾರವಾಡ)

ಮೋಡಿ ಕಲಿಯಬಹುದು, ಹೆದರಬೇಡಿ. ಮರಾಠಿ ಸ್ವಲ್ಪ ಬಂದರೆ ಇನ್ನೂ ಸುಲಭ. ಮೊದಲು ಉದ್ದಕ್ಕೆ ಗೆರೆ ಎಳೆದು, ಅದರ ಕೆಳಗೆ ಲೇಖನಿ ಎತ್ತದೆ ಬರೆಯುತ್ತಾ ಹೋಗುತ್ತಾರೆ. ಪದಗಳ ನಡುವೆ ಜಾಗ ಇಲ್ಲ. ಹ್ರಸ್ವ, ದೀರ್ಘ ಬೇರೆ ಮಾಡುವುದಿಲ್ಲ. ನಮ್ಮ ಹೆಸರುಗಳಂತೂ ಗುರುತೇ ಸಿಗುವುದಿಲ್ಲ. ಬಸಪ್ಪ ಅನ್ನುವುದು "ಬಸಾಪಾ" ಆಗಿರುತ್ತದೆ. ಅದಕ್ಕೆ ಮೊದಲು "ಬಿನ್" ಹುಡುಕಿ. ಅದರ ಎಡಕ್ಕೆ ಮಗ, ಬಲಕ್ಕೆ ಅಪ್ಪ. ಅಲ್ಲಿಂದ ಓದುವುದು ಶುರು ಮಾಡಿ.

ಹಾವೇರಿ ಮೇಷ್ಟ್ರು

ಅಷ್ಟು ದೂರ ಯಾಕೆ, ಮುತ್ತಜ್ಜನ ಮಕ್ಕಳು ಓದಿದ ಶಾಲೆಗೆ ಮೊದಲು ಹೋಗಿ. ನೂರು ವರ್ಷ ದಾಟಿದ ಕನ್ನಡ ಶಾಲೆಗಳು ಹುಬ್ಬಳ್ಳಿಯಲ್ಲಿ ಇವೆ. ದಾಖಲಾತಿ ರಜಿಸ್ಟರಿನಲ್ಲಿ ಹುಡುಗನ ಹೆಸರು, ತಂದೆಯ ಹೆಸರು, ಜಾತಿ, ಹಿಂದಿನ ಶಾಲೆ ಸಿಗುತ್ತವೆ. ಕೆಲವರು ಹುಟ್ಟಿದ ಊರನ್ನೂ ಬರೆದಿದ್ದಾರೆ. ನಾನು ಮುಖ್ಯಶಿಕ್ಷಕನಾಗಿದ್ದಾಗ ಇಂಥ ರಜಿಸ್ಟರುಗಳಿಗೆ ಹೊಸ ರಟ್ಟು ಹಾಕಿಸಿದ್ದೆ. ಮೂಲೆಗಳು ಪುಡಿಯಾಗುತ್ತವೆ, ತಂದೆಯ ಹೆಸರಿನ ಕಾಲಮ್ಮೇ ಮೊದಲು ಹೋಗುತ್ತದೆ.

ಒಂದು ಎಚ್ಚರಿಕೆ. ಹುಟ್ಟಿದ ದಿನ ಜೂನ್ 1 ಅಂತ ಇದ್ದರೆ ಅದನ್ನು ನಂಬಬೇಡಿ. ಶಾಲೆ ಶುರುವಾಗುವ ಹೊತ್ತಿಗೆ ವಯಸ್ಸು ಸರಿಹೋಗಲಿ ಅಂತ ಮಾಸ್ತರರು ಬರೆದುಕೊಂಡದ್ದು.

ಗಾಣಿಗೇರ ಓಣಿ

ನಮ್ಮ ಮನೆಯಲ್ಲಿ ಅಪ್ಪ, ಇಬ್ಬರು ಕಾಕಾಗಳು, ಮೂವರಿಗೂ ಜೂನ್ 1.

ಕಡತಪ್ರಿಯ (ಗದಗ)

ದಿನಾಂಕದ ಮಾತು ಬಂತಲ್ಲ, ಸಂವತ್ಸರದ ಬಗ್ಗೆ ಹೇಳಲೇಬೇಕು. ಹಳೆಯ ಬರಹಗಳಲ್ಲಿ ಬರೀ ಸಂವತ್ಸರ, ಮಾಸ, ತಿಥಿ ಇರುತ್ತದೆ. ಅರವತ್ತು ವರ್ಷಕ್ಕೊಮ್ಮೆ ಅದೇ ಸಂವತ್ಸರ ಮತ್ತೆ ಬರುತ್ತದೆ. ಒಬ್ಬರು "ಧಾತು ಸಂವತ್ಸರದಲ್ಲಿ ಊರು ಬಿಟ್ಟೆವು" ಅನ್ನುವ ಬರಹ ತೋರಿಸಿ 1936 ಅಂತ ವಾದಿಸುತ್ತಿದ್ದರು. 1876 ಕೂಡ ಧಾತು. ಮುಂದಿನದು ಈಶ್ವರ. ಆ ಎರಡು ವರ್ಷದ ಬರದಲ್ಲಿ ನಮ್ಮ ಕಡೆ ಊರಿಗೆ ಊರೇ ಖಾಲಿಯಾಗಿದ್ದವು. ಊರು ಬಿಟ್ಟ ಮಾತು ಇದೆ ಅಂದರೆ ಯಾವ ಧಾತು ಅಂತ ಯೋಚಿಸಬೇಕು ಅಲ್ವಾ? ಶಾಲಿವಾಹನ ಶಕೆ ಬರೆದಿದ್ದರೆ ಮಾತ್ರ ಸುಲಭ, 78 ಕೂಡಿಸಿದರೆ ಹೆಚ್ಚುಕಡಿಮೆ ಇಸವಿ ಸಿಗುತ್ತದೆ.

ಇನ್ನೊಂದು. ವ್ಯಾಪಾರಸ್ಥರ ಮನೆಯಲ್ಲಿ ಕಪ್ಪು ಬಟ್ಟೆಯ ಮಡಿಕೆ ಪುಸ್ತಕ ಇದ್ದರೆ ಅದು ಕಡತ. ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಮಾಡಿದ್ದು, ಬಳಪದಲ್ಲಿ ಬರೆದದ್ದು. ದಯವಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ! ಅಕ್ಷರ ಪೂರ್ತಿ ಹೋಗುತ್ತದೆ. ದೀಪಾವಳಿ ಸ್ವಚ್ಛತೆಯಲ್ಲಿ ಹೀಗೆ ಹೋದದ್ದನ್ನು ಕಣ್ಣಾರೆ ನೋಡಿ ಹೊಟ್ಟೆ ಉರಿದಿದೆ.

ರೋಣದ ರೈತ

ಎಲ್ಲರೂ ಕಾಗದದ ಹಿಂದೆ ಬಿದ್ದಿರಿ, ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ. ಹೆಳವರು, ಹೆಳವರು!

ನಮ್ಮ ಮನೆಗೆ ಸುಗ್ಗಿ ಮುಗಿದ ಮೇಲೆ ಈಗಲೂ ಬರುತ್ತಾರೆ. ಮೊದಲು ಎತ್ತಿನ ಮೇಲೆ ಗಂಟೆ ಬಾರಿಸುತ್ತಾ ಬರುತ್ತಿದ್ದರು, ಈಗ ಮೋಟಾರ್ ಸೈಕಲ್ಲು. ಹೋದ ಸಲ ಬಂದಾಗ ಪೂರ್ತಿ ಕೂತು ನೋಡಿದೆ. ಕಟ್ಟೆಯ ಮೇಲೆ ಕಂಬಳಿ ಹಾಸಿದೆವು. ಕೆಂಪು ಅರಿವೆಯಲ್ಲಿ ಸುತ್ತಿದ ದಪ್ಪ ಪುಸ್ತಕ ತೆಗೆದರು. ಬಿಚ್ಚುವ ಮೊದಲು ಹಣೆಗೆ ಹಚ್ಚಿಕೊಂಡರು. ನಮ್ಮ ಬೆಡಗು (ಕುಲದ ಒಳಪಂಗಡ) ಯಾವುದು, ಮೂಲಪುರುಷ ಯಾವ ಊರಿನಿಂದ ಬಂದ, ಅವನಿಗೆ ಎಷ್ಟು ಗಂಡುಮಕ್ಕಳು, ಯಾವ ಮಗ ಯಾವ ಊರಿಗೆ ಹೋದ, ಒಂದೇ ಉಸಿರಿನಲ್ಲಿ ರಾಗವಾಗಿ ಹೇಳುತ್ತಾ ಹೋದರು. ನಮ್ಮ ಕಾಕಾ ಅರ್ಧದಲ್ಲಿ ಏನೋ ಕೇಳಿದಾಗ ನಿಲ್ಲಿಸಿ, ಆ ಮಗನ ಹೆಸರಿನಿಂದ ಮತ್ತೆ ಶುರು ಮಾಡಿದರು. ಕೊನೆಗೆ ಹೊಸದಾಗಿ ಹುಟ್ಟಿದ ನನ್ನ ಮಗನ ಹೆಸರನ್ನು ನಮ್ಮೆದುರೇ ಬರೆದುಕೊಂಡರು. ಜೋಳ, ಬಟ್ಟೆ, ದಕ್ಷಿಣೆ ಕೊಟ್ಟೆವು. ನನ್ನ ಅವ್ವನ ಕಣ್ಣಲ್ಲಿ ನೀರು.

ಬೇರೆ ಊರಿಗೆ ಹೋದ ಕವಲುಗಳು ಗೊತ್ತಾಗಿದ್ದು ಅವರಿಂದಲೇ. ಯಾವ ಕಚೇರಿಯೂ ಇದನ್ನು ಕೊಡುವುದಿಲ್ಲ.

ಸಂಸ್ಥಾನದ ದಫ್ತರ

ಹೆಳವರ ಬಗ್ಗೆ ಗೌರವ ಇದೆ. ಆದರೆ ಮೇಲಿನ ತಲೆಮಾರುಗಳನ್ನು ಹಾಗೇ ಒಪ್ಪಬಾರದು. ದಾನ ಕೊಡುವ ಮನೆಯನ್ನು ಹೊಗಳುವುದೂ ಅವರ ವೃತ್ತಿಯ ಭಾಗ. ಇತ್ತೀಚಿನ ಆರೇಳು ತಲೆಮಾರು ಗಟ್ಟಿ ಇರುತ್ತದೆ. ಅದರ ಮೇಲೆ ಪುರಾಣ ಸೇರಿಕೊಳ್ಳುತ್ತದೆ.

ರೋಣದ ರೈತ

ಆರೇಳು ತಲೆಮಾರು ಗಟ್ಟಿ ಅಂದರೆ ಅದು ಸಣ್ಣ ಮಾತಾ ಸರ್? ಮೋಡಿ ಕಾಗದ ಬರೆದವನೂ ಸಂಬಳಕ್ಕೇ ಬರೆದದ್ದು.

ತಲಾಟಿ ಮಗ

ಇಬ್ಬರೂ ಸರಿ. ಹೆಳವರು ಹೇಳಿದ್ದನ್ನು ಉತಾರದ, ಅಂದರೆ ಹೊಲದ ಪಹಣಿಯ ಜೊತೆ ಹೊಂದಿಸಿ ನೋಡಬೇಕು. ಅವರ ಮಕ್ಕಳು ಈಗ ಬೇರೆ ಬೇರೆ ಕೆಲಸಕ್ಕೆ ಹೋಗುತ್ತಿದ್ದಾರೆ. ಅವರ ಪುಸ್ತಕಗಳನ್ನು ಅವರ ಒಪ್ಪಿಗೆ ಪಡೆದು, ಸರಿಯಾದ ಗೌರವಧನ ಕೊಟ್ಟು ಸ್ಕ್ಯಾನ್ ಮಾಡಿಸುವ ಕೆಲಸ ಜರೂರು ಆಗಬೇಕು. ಪುಸ್ತಕ ಅವರದ್ದು, ಅದನ್ನು ಮರೆಯಬಾರದು.

ಉತಾರದ ಬಗ್ಗೆ. ಕಂಪ್ಯೂಟರ್ ಪಹಣಿ ನಿಮ್ಮ ಕೆಲಸಕ್ಕೆ ಬರುವುದಿಲ್ಲ. ಅದು ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿದ ಭೂಮಿ ಯೋಜನೆ ಬಂದ ಮೇಲಿನದು. ಕೈ ಬರಹದ ಉತಾರ ಮತ್ತು ಹಕ್ಕು ಬದಲಾವಣೆಯ ಡೈರಿ ಕೇಳಿ. ವಾರಸಾ ಡೈರಿಯಲ್ಲಿ ಸತ್ತವರ ಹೆಸರು, ಉಳಿದ ಮಕ್ಕಳೆಲ್ಲರ ಹೆಸರು, ಕೆಲವೊಮ್ಮೆ ವಯಸ್ಸು ಸಮೇತ ಇರುತ್ತದೆ. ವಾಟ್ನಿ (ಪಾಲು) ಆಗಿದ್ದರೆ ಅಣ್ಣತಮ್ಮಂದಿರು ಎಲ್ಲರೂ ಒಂದೇ ಕಡೆ ಸಿಗುತ್ತಾರೆ. ರಿ.ಸ. ನಂಬರ್, ಅಂದರೆ ಹೊಲದ ಸರ್ವೆ ನಂಬರ್ ಗೊತ್ತಿರಬೇಕು, ಅಷ್ಟೇ. "ಯಾಕ್ ಬೇಕ್ರೀ?" ಅಂತ ಕೇಳಿದರೆ ಜಗಳ ಬೇಡ. ನಕಲು ಅರ್ಜಿ ಬರೆದು ಶುಲ್ಕ ಕಟ್ಟಿ, ಸ್ವೀಕೃತಿ ತೆಗೆದುಕೊಳ್ಳಿ. ನಮ್ಮ ಅಪ್ಪ ಹೇಳುತ್ತಿದ್ದರು, ಬಾಯಿಮಾತಿನಲ್ಲಿ ಕೇಳಿದ ಕಾಗದ ಎಂದೂ ಸಿಗುವುದಿಲ್ಲ ಅಂತ.

ನವಲಗುಂದದ ಮಗಳು

ತಲಾಟಿ ಮಗ ಹೇಳಿದ್ದು ನೂರಕ್ಕೆ ನೂರು ನಿಜ. ನನ್ನ ಅನುಭವ ಹೇಳುತ್ತೇನೆ, ಸ್ವಲ್ಪ ಉದ್ದ ಆದೀತು.

ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದುದು ಒಂದೇ ಕಥೆ. ಮುತ್ತಜ್ಜ ಇಸ್ಪೀಟು ಆಡಿ ಎರಿ ಹೊಲ ಕಳೆದ, ಅದಕ್ಕೇ ನಾವು ಬಡವರಾದೆವು. ಶ್ರಾದ್ಧದ ದಿನವೂ ಈ ಮಾತು ಬರುತ್ತಿತ್ತು. ನಾನು ಹಳೆಯ ಡೈರಿಯ ನಕಲು ತೆಗೆಸಿದೆ. ಎರಡು ಸಾಲು ಅಷ್ಟೇ. ಮೊದಲನೆಯದರಲ್ಲಿ ಮುತ್ತಜ್ಜನ ಹೆಸರಿನ ಮುಂದೆ "ಮಯತ", ಅಂದರೆ ತೀರಿಕೊಂಡವರು, ಕೆಳಗೆ ವಾರಸಾ ಅಂತ ಮಗನ ಹೆಸರು, ಅದರ ಮುಂದೆ "ಅಜ್ಞಾನ, ಪಾಲಕ ತಾಯಿ", ಅಂದರೆ ವಯಸ್ಸಿಗೆ ಬಾರದವ, ತಾಯಿಯೇ ಪಾಲಕಿ, ಆಮೇಲೆ ಮುತ್ತಜ್ಜಿಯ ಹೆಸರು, ಕೋಂ (ಇಂಥವರ ಹೆಂಡತಿ) ಅಂತ ಮುತ್ತಜ್ಜನ ಹೆಸರು. ಇಸವಿ 1918ರ ಕೊನೆ. ಎರಡನೆಯದು ಮುಂದಿನ ವರ್ಷದ್ದು, ಖರೀದಿ. ಹೊಲ ಮಾರಿದವರು ಮುತ್ತಜ್ಜಿ. ಅಲ್ಲಿ ಅವರ ಎಡಗೈ ಹೆಬ್ಬೆಟ್ಟು ಅಂತ ಬರೆದಿದೆ.

1918ರ ಸೆಪ್ಟೆಂಬರಿನಿಂದ ಡಿಸೆಂಬರ್ ಅಂದರೆ ಇನ್‌ಫ್ಲುಯೆಂಜಾ. ಮುಂಬೈ ಪ್ರಾಂತದಲ್ಲಿ ಅದು ಎಷ್ಟು ಜನರನ್ನು ಒಯ್ದಿತು ಅಂತ ಓದಿದವರಿಗೆ ಗೊತ್ತು. ಅದೇ ವರ್ಷ ಮಳೆಯೂ ಕೈಕೊಟ್ಟಿತ್ತು. ಮುತ್ತಜ್ಜ ಯಾವ ಬೇನೆಯಿಂದ ಸತ್ತರು ಅಂತ ಕಾಗದ ಹೇಳುವುದಿಲ್ಲ. ಆದರೆ ಹೊಲ ಮಾರುವಾಗ ಅವರು ಬದುಕಿರಲಿಲ್ಲ, ಇದು ಖಚಿತ. ಕೂಸನ್ನು ಕಟ್ಟಿಕೊಂಡು ಒಬ್ಬ ಹೆಣ್ಣುಮಗಳು ಹೊಲ ಮಾರಿ ಸಂಸಾರ ನಡೆಸಿದ್ದಾಳೆ. ನಾವು ಇಷ್ಟು ವರ್ಷ ಸತ್ತವರನ್ನು ಇಸ್ಪೀಟಿನವ ಅಂತ ಬೈಯುತ್ತಾ ಬಂದೆವು, ಅವಳ ಹೆಸರನ್ನೇ ಮರೆತೆವು. ಆ ನಕಲನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಮತ್ತೆ ಮತ್ತೆ ಓದಿಸಿದರು. ಈಗ ಶ್ರಾದ್ಧದಲ್ಲಿ ಅವಳ ಹೆಸರನ್ನು ತಪ್ಪದೆ ಹೇಳುತ್ತಾರೆ.

ಅದಕ್ಕೇ ಅಕ್ಕಾರೆ, ಯಾರು ಏನೇ ಅಂದರೂ ಬಿಡಬೇಡಿ.

ಗಾಣಿಗೇರ ಓಣಿ

ಓದಿ ಮೈ ಜುಮ್ಮೆಂದಿತು ಅಕ್ಕಾ.

ತಳವಾರರ ಓಣಿ

ನವಲಗುಂದದ ಅಕ್ಕನ ಮಾತು ಓದಿ ಖುಷಿಯಾಯಿತು. ಆದರೆ ಇಲ್ಲಿ ಎಲ್ಲರೂ ಹೊಲ ಇದ್ದವರ ಹಾಗೆ ಮಾತಾಡುತ್ತಿದ್ದೀರಿ. ಹೊಲವೇ ಇಲ್ಲದವರ ಉತಾರ ಎಲ್ಲಿಂದ ತರಬೇಕು? ಹೆಳವರೂ ಎಲ್ಲರ ಮನೆಗೆ ಬರುವುದಿಲ್ಲ. ನಮ್ಮ ಓಣಿಯಲ್ಲಿ ಅಜ್ಜನ ಅಪ್ಪನ ಹೆಸರು ಗೊತ್ತಿರುವವರು ಬೆರಳೆಣಿಕೆ. ದುಡಿದವರೇನು ಕಡಿಮೆಯಾ? ಬರೆದುಕೊಳ್ಳುವವರು ನಮ್ಮ ಹೆಸರು ಬರೆದುಕೊಳ್ಳಲಿಲ್ಲ.

ತಲಾಟಿ ಮಗ

ಸರಿಯಾದ ಮಾತು ಅಣ್ಣಾ. ಒಂದು ದಾರಿ ಇದೆ, ನೋಡಿ. ತಳವಾರ, ವಾಲೀಕಾರ ಮುಂತಾದ ಊರಿನ ಕೆಲಸದವರಿಗೂ ಚಾಕರಿ ಭೂಮಿ ಇತ್ತು. 1961ರ ಗ್ರಾಮ ಕಚೇರಿಗಳ ರದ್ದತಿ ಕಾಯ್ದೆ ಬಂದು ಆ ಹುದ್ದೆಗಳು ಹೋದವು. ಆ ಭೂಮಿಯನ್ನು ಯಾರಿಗೆ ಮರುಮಂಜೂರು ಮಾಡಬೇಕು ಅನ್ನುವಾಗ ವತನದಾರರ ವಂಶಾವಳಿ ಕೇಳಿದ್ದಾರೆ. ಆ ಫೈಲುಗಳಲ್ಲಿ ಮೂರು ನಾಲ್ಕು ತಲೆಮಾರು ಸಿಗಬಹುದು. ತಹಶೀಲ್ದಾರ ಕಚೇರಿಯ ರೆಕಾರ್ಡ್ ರೂಮಿನಲ್ಲಿ ವತನ ರಜಿಸ್ಟರ್ ಅಂತಲೇ ಕೇಳಿ.

ತಳವಾರರ ಓಣಿ

ಇದು ಗೊತ್ತಿರಲಿಲ್ಲ. ಕೇಳುತ್ತೇನೆ. ಆದರೂ ಅದರಲ್ಲೂ ಭೂಮಿ ಇದ್ದವರ ಹೆಸರೇ ಅಲ್ವಾ? ಕೂಲಿಗೆ ಹೋದವರದ್ದು ಬಾಯಿಂದಲೇ ಬರಬೇಕು. ನಾನು ಓಣಿಯ ಮುದುಕಿಯರ ಮಾತು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದೇನೆ. ಗಂಡಸರಿಗಿಂತ ಅವರಿಗೇ ಜಾಸ್ತಿ ನೆನಪಿದೆ. ಯಾರ ಮಗಳನ್ನು ಯಾವ ಊರಿಗೆ ಕೊಟ್ಟರು, ಯಾರು ಎಳೆಯದರಲ್ಲೇ ತೀರಿಕೊಂಡರು, ಎಲ್ಲ ಹೇಳುತ್ತಾರೆ.

ಬೆಟಗೇರಿ ಓದುಗಿ

ನಮ್ಮದು ಬಾಸೆಲ್ ಮಿಷನ್ ಕಾಲದ ಕ್ರೈಸ್ತ ಮನೆತನ. ಮಿಷನ್ನಿನವರು ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ ಬಂದರು. ಚರ್ಚಿನ ದೀಕ್ಷಾಸ್ನಾನದ ರಜಿಸ್ಟರಿನಲ್ಲಿ ತಂದೆಯ ಜೊತೆ ತಾಯಿಯ ಹೆಸರೂ ಇದೆ. ಹಾಗಾಗಿ ನನಗೆ ಅಜ್ಜಿಯರ ಸಾಲು ಅಜ್ಜಂದಿರ ಸಾಲಿನಷ್ಟೇ ಚೆನ್ನಾಗಿ ಸಿಕ್ಕಿತು. ಸ್ವಿಟ್ಜರ್‌ಲೆಂಡಿನ ಬಾಸೆಲ್ ಊರಿನಲ್ಲಿ ಮಿಷನ್ನಿನ ಪತ್ರಾಗಾರ ಇದೆ. ಹಳೆಯ ಫೋಟೋಗಳನ್ನು ಅಂತರ್ಜಾಲದಲ್ಲೇ ನೋಡಬಹುದು. ಕ್ರೈಸ್ತರಲ್ಲದವರೂ ನೋಡಿ, ಹಳೆಯ ಊರು, ಓಣಿ, ಶಾಲೆ ಕಾಣುತ್ತವೆ.

ನಮ್ಮ ಕಷ್ಟ ಬೇರೆ. ದೀಕ್ಷೆಯ ಜೊತೆ ಹೆಸರೇ ಬದಲಾಯಿತು. ಅದಕ್ಕೆ ಹಿಂದಿನ ಹೆಸರು ಬರೆದಿದ್ದರೆ ಸರಿ. ಇಲ್ಲದಿದ್ದರೆ ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ.

ನರಗುಂದ ಕೋಟೆ

ನಮ್ಮ ಮನೆತನದವರು 1858ರ ಬಂಡಾಯದಲ್ಲಿ ನರಗುಂದದ ಅರಸ ಬಾಬಾಸಾಹೇಬರ ಜೊತೆ ಇದ್ದರು. ಸೋತ ಮೇಲೆ ತಪ್ಪಿಸಿಕೊಂಡು ಹಾವೇರಿ ಕಡೆ ಹೋದರು ಅಂತ ಅಜ್ಜ ಹೇಳುತ್ತಿದ್ದರು. ಇದಕ್ಕೆ ದಾಖಲೆ ಹೇಗೆ ಹುಡುಕಲಿ?

ಸಂಸ್ಥಾನದ ದಫ್ತರ

ಬೇಜಾರು ಮಾಡಿಕೊಳ್ಳಬೇಡಿ, ಈ ಕಡೆ ಎಷ್ಟೋ ಮನೆಗಳಲ್ಲಿ ಇದೇ ಮಾತು ಕೇಳಿದ್ದೇನೆ. 1858ರ ಮೇ ಕೊನೆಗೆ ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ ಕೊಲೆ ಆಯಿತು. ಜೂನಿನಲ್ಲಿ ನರಗುಂದ ಬ್ರಿಟಿಷರ ಕೈಸೇರಿತು, ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಎಲ್ಲ ಕೆಲವೇ ದಿನಗಳಲ್ಲಿ ಮುಗಿಯಿತು. ಅಲ್ಲಿದ್ದವರೆಲ್ಲರ ಹೆಸರು ಬರೆದಿಟ್ಟಿಲ್ಲ. ನೀವು ಹಿಂದಿನಿಂದ ಮುಂದಕ್ಕೆ ಹುಡುಕಬೇಡಿ. ನಿಮ್ಮ ಅಜ್ಜನಿಂದ ಶುರು ಮಾಡಿ ಒಂದೊಂದೇ ತಲೆಮಾರು ಹಿಂದೆ ಹೋಗಿ. ಹಾವೇರಿ ಕಡೆಯ ಮೊದಲ ಕಾಗದ ಯಾವ ಇಸವಿಯದ್ದು ನೋಡಿ. ಅದು 1858ಕ್ಕೆ ಮೊದಲೇ ಇದ್ದರೆ ಅಜ್ಜನ ಮಾತನ್ನು ಮತ್ತೆ ಯೋಚಿಸಬೇಕಾಗುತ್ತದೆ.

ನರಗುಂದ ಕೋಟೆ

ದಾಖಲೆ ಇಲ್ಲ ಅಂದ ಮಾತ್ರಕ್ಕೆ ಸುಳ್ಳಾಗುವುದಿಲ್ಲವಲ್ಲ. ಬಂಡಾಯದವರು ಓಡಿಹೋಗುವಾಗ ಕಾಗದ ಇಟ್ಟುಕೊಂಡು ಓಡುತ್ತಾರಾ?

ಸಪ್ತಾಪುರ ಓದುಗ (ಧಾರವಾಡ)

ಇಬ್ಬರೂ ತಣ್ಣಗಾಗಿ. ವಂಶವೃಕ್ಷದಲ್ಲಿ "ಅಜ್ಜ ಹೇಳಿದ್ದು" ಅಂತ ಬೇರೆ ಬಣ್ಣದಲ್ಲಿ ಬರೆಯಿರಿ. ಕಾಗದ ಸಿಕ್ಕ ದಿನ ಕಪ್ಪು ಶಾಯಿ. ನಾನು ಹಾಗೇ ಮಾಡುತ್ತೇನೆ. ಮುಂದೆ ಓದುವವರಿಗೆ ಯಾವುದು ಕೇಳಿದ್ದು, ಯಾವುದು ನೋಡಿದ್ದು ಅಂತ ತಿಳಿಯಬೇಕು.

ಹೆಸರು ಬೇಡ

ಎಲ್ಲರಿಗೂ ಒಂದು ಪ್ರಶ್ನೆ. ನಮ್ಮ ಮುತ್ತಜ್ಜಿಯನ್ನು ಮದುವೆ ಮಾಡದೆ ದೇವರ ಹೆಸರಿನಲ್ಲಿ ಬಸವಿ ಬಿಟ್ಟಿದ್ದರು. ಗಂಡುಮಕ್ಕಳಿರಲಿಲ್ಲ, ಮನೆ ಮುಂದುವರಿಯಲಿ ಅಂತ. ನಮ್ಮ ಕವಲು ಅವರಿಂದಲೇ ಬಂದದ್ದು. ಹಳೆಯ ಕಾಗದದಲ್ಲಿ ಅಜ್ಜನ ಹೆಸರಿನ ಮುಂದೆ ತಂದೆಯ ಬದಲು ತಾಯಿಯ ಹೆಸರಿದೆ. ಇದನ್ನು ಬರೆಯಬಾರದು ಅಂತ ಮನೆಯಲ್ಲಿ ಹಿರಿಯರ ಹಟ. ನನಗೆ ಮುಚ್ಚಿಡಲು ಮನಸ್ಸಿಲ್ಲ. ನೀವಾದರೆ ಏನು ಮಾಡುತ್ತೀರಿ?

ಹಾವೇರಿ ಮೇಷ್ಟ್ರು

ಬದುಕಿರುವವರಿಗೆ ನೋವಾಗುವುದನ್ನು ಈಗಲೇ ಎಲ್ಲರ ಮುಂದೆ ಇಡಬೇಡಿ. ನಿಮ್ಮ ಹತ್ತಿರ ಬರೆದಿಟ್ಟುಕೊಳ್ಳಿ.

ನವಲಗುಂದದ ಮಗಳು

ನಾನು ಒಪ್ಪುವುದಿಲ್ಲ ಸರ್. ಆ ಹೆಣ್ಣುಮಗಳನ್ನು ಕೇಳದೆ ದೇವರ ಹೆಸರಿನಲ್ಲಿ ಬಿಟ್ಟರು. ಅವರೇ ಮನೆ ನಡೆಸಿದರು. ಈಗ ಹೆಸರನ್ನೂ ಅಳಿಸಿದರೆ ಹೇಗೆ? ತಂಗಿ, ಮನೆಯ ವೃಕ್ಷದಲ್ಲಿ ಅವರ ಹೆಸರು ಬರೆಯಿರಿ. ಊರಿಗೆಲ್ಲ ಹೇಳುವುದು ಬಿಡುವುದು ಬೇರೆ ವಿಚಾರ.

ತಳವಾರರ ಓಣಿ

ಬರೆಯಿರಿ. ನಾಚಿಕೆ ಪಡಬೇಕಾದವರು ಬಿಟ್ಟವರು, ಅವರಲ್ಲ.

ಹೆಸರು ಬೇಡ

ಬರೆಯುತ್ತೇನೆ. ಮೊದಲು ಅವ್ವನ ಜೊತೆ ಕೂತು ಮಾತಾಡುತ್ತೇನೆ. ಎಲ್ಲರಿಗೂ ಧನ್ಯವಾದ.

ಉಳ್ಳಾಗಡ್ಡಿ

ಸ್ವಲ್ಪ ಬೇರೆ ವಿಷಯ. ನನ್ನ ಅಡ್ಡಹೆಸರು ಮೇಲೆ ಇದೆಯಲ್ಲ, ಅದೇ, ಅಂದರೆ ಈರುಳ್ಳಿ. ಬೆಂಗಳೂರಿನಲ್ಲಿ ಎಲ್ಲರೂ ನಗುತ್ತಾರೆ. ಮೆಣಸಿನಕಾಯಿ, ಬೆಲ್ಲದ ಎಲ್ಲ ವ್ಯಾಪಾರದಿಂದ ಬಂದದ್ದಾ?

ಬ್ಯಾಡಗಿ ಘಾಟು

ಹೆಚ್ಚಿನವು ವ್ಯಾಪಾರ ಅಥವಾ ಬೆಳೆಯಿಂದ. ಆದರೆ ಪ್ರತಿ ಮನೆಗೂ ಬೇರೆ ಕಾರಣ ಇರಬಹುದು. ನಿಮ್ಮ ಊರಿನ ಹಿರಿಯರನ್ನೇ ಕೇಳಿ. ನಗುವವರಿಗೆ ಹೇಳಿ, ನಮ್ಮ ಹೆಸರಿನಲ್ಲಿ ನಮ್ಮ ಹಿರಿಯರ ದುಡಿಮೆ ಇದೆ ಅಂತ.

ವರ್ಕ್‌ಶಾಪ್ ಮರಿಮೊಮ್ಮಗಳು

ಇಷ್ಟು ದಾರಿ ಸಿಗುತ್ತವೆ ಅಂದುಕೊಂಡಿರಲಿಲ್ಲ. ನಿನ್ನೆ ಸೋದರತ್ತೆಗೆ ಫೋನ್ ಮಾಡಿದೆ. ಶಿರಹಟ್ಟಿಯಲ್ಲಿ ನಮ್ಮನ್ನು ಏನಂತ ಕರೆಯುತ್ತಿದ್ದರು ಅಂತ ಕೇಳಿದೆ. ತಟ್ಟನೆ "ಪತ್ತಾರರು" ಅಂದರು. ಬಂಗಾರದ ಕೆಲಸ ಬಿಟ್ಟು ವರ್ಕ್‌ಶಾಪಿನಲ್ಲಿ ಕಬ್ಬಿಣದ ಕೆಲಸಕ್ಕೆ ಬಂದರಂತೆ. ಇದನ್ನು ಅಪ್ಪನೂ ನನಗೆ ಹೇಳಿರಲಿಲ್ಲ! ಅತ್ತೆಯನ್ನು ಇದುವರೆಗೆ ಯಾರೂ ಕೇಳಿಯೇ ಇರಲಿಲ್ಲವಂತೆ.

ಬ್ಯಾಡಗಿ ಘಾಟು

ಹಾಗಿದ್ದರೆ ಶಿರಹಟ್ಟಿಗೆ ಮತ್ತೆ ಹೋಗಿ, ಪತ್ತಾರರ ಓಣಿ ಯಾವುದು ಅಂತ ಕೇಳಿ. ಕಾಳಮ್ಮನ ಗುಡಿ ಇದ್ದರೆ ಅಲ್ಲಿಯ ಹಿರಿಯರನ್ನೂ ಮಾತಾಡಿಸಿ. ಅತ್ತೆಯನ್ನು ಜೊತೆಗೆ ಕರೆದುಕೊಂಡು ಹೋಗಿ, ಅವರಿಗೆ ಜಾಸ್ತಿ ಮಾತು ಸಿಗುತ್ತದೆ.

ರೋಣದ ರೈತ

ಪತ್ತಾರರ ಮನೆಗೆ ಹೋಗುವ ಹೆಳವರು ಇದ್ದಾರಾ ಅಂತ ನಮ್ಮ ಹೆಳವರನ್ನು ಕೇಳಿ ಇಲ್ಲೇ ತಿಳಿಸುತ್ತೇನೆ.